ಎಸಿ ರಿಮೋಟ್ ಯಾರ ಕೈಲಿ?

ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ನಾವು ನಾಲ್ಕು ಜನ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವಾರದ ಇಂಟರ್ನ್‌ಶಿಪ್ ಮಾಡಿದ್ವಿ. ಕಂಪನಿ ಹೆಸರು ಬೇಡ. ಅಲ್ಲಿ ಕೋಡಿಂಗ್ ಎಷ್ಟು ಕಲಿತ್ವಿ ಅಂತ ಕೇಳಿದರೆ ಉತ್ತರ ಕೊಡೋದು ಕಷ್ಟ. ಆದರೆ ಎಸಿ ಜಗಳದ ಬಗ್ಗೆ ಕೇಳಿ, ನಾಲ್ವರೂ ಒಂದೊಂದು ಗಂಟೆ ಮಾತಾಡ್ತೀವಿ.

ಒಂದು ಹಾಲ್, ಹದಿನಾಲ್ಕು ಜನ ಉದ್ಯೋಗಿಗಳು, ಜೊತೆಗೆ ನಾವು. ಒಂದೇ ಗೋಡೆಯ ಮೇಲೆ ಎರಡು ಸ್ಪ್ಲಿಟ್ ಎಸಿ. ಪಶ್ಚಿಮಕ್ಕೆ ಪೂರ್ತಿ ಗಾಜು. ಫಾಲ್ಸ್ ಸೀಲಿಂಗ್ ಹಾಕಿಸುವಾಗ ಫ್ಯಾನ್ ತೆಗೆಸಿಬಿಟ್ಟಿದ್ದರಂತೆ. ರಿಮೋಟ್ ಟೀಮ್ ಲೀಡ್ ಸಾರ್ ಅವರ ಡ್ರಾಯರ್‌ನಲ್ಲಿ. ಬೆಳಗ್ಗೆ 22ಕ್ಕೆ ಶುರುವಾಗಿ ಹನ್ನೊಂದಕ್ಕೆ 20, ಮಧ್ಯಾಹ್ನ ಊಟ ಆದಮೇಲೆ 18. ಸಾರ್ ಮೀಟಿಂಗ್‌ಗೆ ಹೋದ ತಕ್ಷಣ ಯಾರೋ ಎದ್ದು ಡ್ರಾಯರ್ ತೆಗೆದು 25 ಮಾಡೋರು. ಐದು ನಿಮಿಷಕ್ಕೆ ಇನ್ಯಾರೋ "ಎಸಿ ಕೆಟ್ಟೋಯ್ತಾ?" ಅಂತ ಕೇಳೋರು. ಮತ್ತೆ 18. ದಿನಾ ಇದೇ ನಾಟಕ. ಯಾರೂ ಜೋರಾಗಿ ಜಗಳ ಆಡ್ತಿರಲಿಲ್ಲ, ಆದರೆ ಚಾಯ್‌ಗೆ ಹೋಗುವಾಗ ಎರಡು ಗುಂಪು ಆಗಿರೋದು ಕಾಣ್ತಿತ್ತು.

ನಮ್ಮಲ್ಲೊಬ್ಬಳ ಸೀಟು ಸರಿಯಾಗಿ ಎಸಿ ಕೆಳಗೆ. ಮೊದಲನೇ ದಿನ ಸುಮ್ಮನಿದ್ದಳು. ಎರಡನೇ ದಿನ ಕೇಳಿದಳು, "ಸಾರ್, ಸ್ವಲ್ಪ ಕಮ್ಮಿ ಮಾಡಬಹುದಾ?" "ಕಮ್ಮಿ ಅಂದ್ರೆ ಇನ್ನೂ ತಣ್ಣಗಾ?" ಅಂತ ಯಾರೋ ತಮಾಷೆ ಮಾಡಿದರು. ಮೂರನೇ ದಿನ ಅವಳು ಅಮ್ಮನ ಶಾಲು ತಂದಳು. "ಏನಮ್ಮಾ, ಊಟಿ ಟ್ರಿಪ್ಪಾ?" ಅಂದರು. ಇಡೀ ಹಾಲ್ ನಕ್ಕಿತು. ನಾವು ಮೂವರೂ ನಕ್ಕಿದ್ವಿ. ಈ ಲೇಖನ ಬರೀತಿರೋದಕ್ಕೆ ಅರ್ಧ ಕಾರಣ ಆ ನಗು.

ಅವತ್ತಿನಿಂದ ಅವಳು ಕೇಳೋದು ಬಿಟ್ಟಳು. ಲ್ಯಾಪ್‌ಟಾಪ್ ತಗೊಂಡು ಹೋಗಿ ಪ್ಯಾಂಟ್ರಿಯಲ್ಲಿ, ಕಾಫಿ ಮೆಷಿನ್ ಪಕ್ಕ ಕೂತು ಕೆಲಸ ಮಾಡ್ತಿದ್ದಳು. ನಾಲ್ಕನೇ ವಾರ ಎಲ್ಲರಿಗೂ ಫೀಡ್‌ಬ್ಯಾಕ್ ಕೊಟ್ಟರು. ನಮ್ಮ ಮೂವರಿಗೂ "ಗುಡ್". ಅವಳಿಗೆ "ಕೆಲಸ ಚೆನ್ನಾಗಿದೆ, ಆದರೆ ಸೀಟಿನಲ್ಲಿ ಕಾಣಿಸೋದೇ ಇಲ್ಲ." ನಾಲ್ವರಲ್ಲಿ ಜಾಸ್ತಿ ಕೆಲಸ ಮುಗಿಸಿದ್ದು ಅವಳೇ. ಸೀಟಿನಲ್ಲಿ ಯಾಕೆ ಇರಲಿಲ್ಲ ಅಂತ ಮಾತ್ರ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಎಸಿ ಜಗಳ ಚಿಕ್ಕ ವಿಷಯ ಅಂತ ಅನ್ನಿಸಿದರೆ ಇದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಇನ್ನು ಎರಡು ಮೂರು ವರ್ಷಕ್ಕೆ ನಾವೆಲ್ಲ ಇಂಥದ್ದೇ ಹಾಲ್‌ಗಳಲ್ಲಿ ಕೂರ್ತೀವಿ. ಕೆಲವರು ಅಂಥ ಹಾಲ್‌ಗಳನ್ನು ಡಿಸೈನ್ ಮಾಡ್ತೀವಿ.

ಇಬ್ಬರೂ ನಿಜ ಹೇಳ್ತಿದ್ದರು

ಎರಡನೇ ವಾರ ಕುತೂಹಲಕ್ಕೆ ನಾವು ಒಂದು ಡಿಜಿಟಲ್ ಥರ್ಮಾಮೀಟರ್ ತಗೊಂಡು ಹೋದ್ವಿ. ರಿಮೋಟ್‌ನಲ್ಲಿ 22 ಇತ್ತು. ಎಸಿ ಕೆಳಗಿನ ಮೇಜಿನ ಮೇಲೆ 20ಕ್ಕೂ ಕಮ್ಮಿ ತೋರಿಸಿತು. ಮಧ್ಯಾಹ್ನ ಮೂರು ಗಂಟೆಗೆ ಗಾಜಿನ ಪಕ್ಕದ ಮೇಜಿನಲ್ಲಿ, ನೆರಳಲ್ಲಿಟ್ಟರೂ, 27ರ ಹತ್ತಿರ. ಪ್ರಯೋಗಾಲಯದ ಅಳತೆ ಅಲ್ಲ ಇದು, ಒಪ್ಪಿದ್ವಿ. ಆದರೆ ಒಂದೇ ಹಾಲ್‌ನಲ್ಲಿ ಎರಡು ಊರಿನ ಹವೆ ಇದೆ ಅನ್ನೋದಕ್ಕೆ ಇಷ್ಟು ಸಾಕು.

ಕಾರಣ ಸರಳ. ಸ್ಪ್ಲಿಟ್ ಎಸಿಯ ಸೆನ್ಸರ್ ಸಾಮಾನ್ಯವಾಗಿ ಆ ಪೆಟ್ಟಿಗೆಯ ಒಳಗೇ, ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಇರತ್ತೆ. ಅದು ಅಳೆಯೋದು ಸೂರಿನ ಹತ್ತಿರ ತನಗೆ ಸಿಕ್ಕ ಗಾಳಿಯನ್ನು. ನಮ್ಮ ಮೇಜಿನ ಹವೆ ಅದಕ್ಕೆ ಗೊತ್ತಿಲ್ಲ. ಇನ್ನು ಗಾಜಿನ ಪಕ್ಕ ಕೂತವರ ಕಥೆಯೇ ಬೇರೆ. ಸುತ್ತಲಿನ ಗಾಳಿ 24 ಇದ್ದರೂ ಬಿಸಿ ಗಾಜಿನಿಂದ ಬರುವ ವಿಕಿರಣ ನೇರವಾಗಿ ಮೈಗೆ ತಾಗತ್ತೆ. ಥರ್ಮಾಮೀಟರ್ ಅದನ್ನು ಸರಿಯಾಗಿ ತೋರಿಸೋದೂ ಇಲ್ಲ. 18 ಮಾಡಿ ಅಂತ ಕೇಳ್ತಿದ್ದ ಅಣ್ಣ ಅದೇ ಗಾಜಿನ ಪಕ್ಕ ಕೂರ್ತಿದ್ದರು. ಜೊತೆಗೆ ದಿನಾ ಬೈಕಲ್ಲಿ ಹದಿನೈದು ಕಿಲೋಮೀಟರ್ ಟ್ರಾಫಿಕ್ ದಾಟಿ, ಜಾಕೆಟ್ಟು ಹೆಲ್ಮೆಟ್ಟು ಹಾಕ್ಕೊಂಡು ಬರ್ತಿದ್ದರು. ಅವರಿಗೆ ಸೆಖೆ ಆಗ್ತಿದ್ದದ್ದು ಸುಳ್ಳಲ್ಲ. ನಮ್ಮ ಗೆಳತಿಗೆ ಚಳಿ ಆಗ್ತಿದ್ದದ್ದೂ ಸುಳ್ಳಲ್ಲ. ಇಬ್ಬರೂ ನಿಜ ಹೇಳ್ತಿದ್ದರು, ಆದರೆ ಒಬ್ಬರು ಇನ್ನೊಬ್ಬರನ್ನು "ನಾಟಕ" ಅಂತಿದ್ದರು.

ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತಿದೆ ಅಂತ ನಮಗೆ ಆಮೇಲೆ ಹೊಳೀತು. ಮೈ ಬೆವರಿ ಅಂಟಂಟಾದರೆ ಸೆಖೆ. ಬಿಸಿ ಗೋಡೆಯಿಂದಲೋ ಒಲೆಯಿಂದಲೋ ಮುಖಕ್ಕೆ ಹೊಡೆದರೆ ಝಳ. ಗಾಳಿಯೇ ಆಡದೆ ಉಸಿರು ಕಟ್ಟಿದಂತಾದರೆ ಧಗೆ. ತಣ್ಣನೆ ಗಾಳಿ ಹೊಡೆದು ಮೂಗು ಸೋರಿದರೆ ಶೀತ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಇವೆಲ್ಲದಕ್ಕೂ "ಹಾಟ್", "ಕೋಲ್ಡ್" ಅಂತ ಎರಡೇ ಡಬ್ಬಿ ಇಟ್ಟುಕೊಂಡಿದ್ವಿ. ರಿಮೋಟ್ ಇನ್ನೂ ಬಡವ, ಅದರ ಹತ್ತಿರ ಇರೋದು ಒಂದೇ ಸಂಖ್ಯೆ.

ಸರಾಸರಿ ಮನುಷ್ಯ ಯಾರು?

ಎಸಿ ಹುಟ್ಟಿದ್ದೇ ಮನುಷ್ಯರಿಗಾಗಿ ಅಲ್ಲ. 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಅದನ್ನು ರೂಪಿಸಿದ. ಹವೆಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂರ್ತಿರಲಿಲ್ಲ, ಅದಕ್ಕೆ ಪರಿಹಾರ ಬೇಕಿತ್ತು. ಕಾಗದಕ್ಕೆ ಒಂದೇ ಹದ ಸಾಕು. ಮನುಷ್ಯರಿಗೆ ಸಾಲಲ್ಲ ಅಂತ ಗೊತ್ತಾಗೋಕೆ ಕೆಲವು ದಶಕ ಬೇಕಾಯ್ತು.

1970ರಲ್ಲಿ ಡೆನ್ಮಾರ್ಕಿನ ಪಿ. ಒ. ಫ್ಯಾಂಗರ್ ಒಂದು ಮಾದರಿ ಕೊಟ್ಟರು. ಜಗತ್ತಿನ ಆಫೀಸ್ ಮಾನದಂಡಗಳು ಇವತ್ತಿಗೂ ಅದರ ಮೇಲೆ ನಿಂತಿವೆ. ಅದರ ಪ್ರಕಾರ ಹಾಯ್ ಅನ್ನಿಸೋದಕ್ಕೆ ಆರು ಅಂಶ ಬೇಕು: ಗಾಳಿಯ ಉಷ್ಣಾಂಶ, ಸುತ್ತಲಿನ ಗೋಡೆ ಗಾಜುಗಳ ವಿಕಿರಣ, ಗಾಳಿಯ ವೇಗ, ತೇವಾಂಶ, ಹಾಕಿದ ಬಟ್ಟೆ, ದೇಹ ಉತ್ಪಾದಿಸುವ ಶಾಖ. ರಿಮೋಟ್ ಜಗಳ ನಡೆಯೋದು ಈ ಆರರಲ್ಲಿ ಮೊದಲನೆಯದರ ಬಗ್ಗೆ ಮಾತ್ರ. ಇನ್ನೊಂದು ಸಂಗತಿ ಕೇಳಿ. ಆರನ್ನೂ ಅಚ್ಚುಕಟ್ಟಾಗಿ ಹೊಂದಿಸಿದರೂ ನೂರಕ್ಕೆ ಐದು ಜನರಿಗೆ ಅಸಮಾಧಾನ ಇದ್ದೇ ಇರತ್ತೆ ಅಂತ ಫ್ಯಾಂಗರ್ ಅವರ ಸೂತ್ರವೇ ಹೇಳತ್ತೆ. ಅಂದರೆ "ಎಲ್ಲರಿಗೂ ಸರಿಹೋಗುವ ಒಂದು ನಂಬರ್" ಅನ್ನೋದು ಇಲ್ಲ. ಲೆಕ್ಕವೇ ಒಪ್ಪಿಕೊಂಡಿದೆ.

ದೇಹದ ಶಾಖದ ವಿಷಯದಲ್ಲಿ ಇನ್ನೊಂದು ತಿರುವಿದೆ. 2015ರಲ್ಲಿ ನೆದರ್ಲ್ಯಾಂಡ್ಸ್‌ನ ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಕ್ಟೆನ್‌ಬೆಲ್ಟ್ ಎಂಬ ಇಬ್ಬರು ಒಂದು ಪ್ರಬಂಧ ಪ್ರಕಟಿಸಿದರು. ಆಫೀಸ್ ಮಾನದಂಡದಲ್ಲಿ ಬಳಸುವ ದೇಹಶಾಖದ ಅಂಕಿ ಸುಮಾರು 70 ಕೆಜಿ ತೂಕದ, 40 ವರ್ಷದ ಗಂಡಸಿನದು, ಅದು ಹೆಂಗಸರ ದೇಹಶಾಖವನ್ನು ಶೇ. 35ರವರೆಗೆ ಹೆಚ್ಚಾಗಿ ಅಂದಾಜು ಮಾಡಬಹುದು ಅಂತ ತೋರಿಸಿದರು. 2019ರಲ್ಲಿ ಬರ್ಲಿನ್‌ನಲ್ಲಿ 543 ವಿದ್ಯಾರ್ಥಿಗಳನ್ನು ಬೇರೆ ಬೇರೆ ಉಷ್ಣಾಂಶದ ಕೋಣೆಗಳಲ್ಲಿ ಕೂರಿಸಿ ಲೆಕ್ಕ ಮತ್ತು ಪದಗಳ ಪರೀಕ್ಷೆ ಕೊಟ್ಟರು. ಕೋಣೆ ಬೆಚ್ಚಗಾದಂತೆ ಹುಡುಗಿಯರ ಅಂಕ ಏರಿತು. ಹುಡುಗರದು ಇಳಿಯಿತು, ಆದರೆ ಅಷ್ಟು ಪ್ರಮಾಣದಲ್ಲಿ ಅಲ್ಲ. ಒಂದೆರಡು ಅಧ್ಯಯನದಿಂದ ಎಲ್ಲ ತೀರ್ಮಾನ ಆಗಲ್ಲ. ಆದರೆ "ಹುಡುಗೀರಿಗೆ ಯಾವಾಗ್ಲೂ ಚಳೀನೇ" ಅಂತ ನಗುವ ಮುಂಚೆ, ಆ ಕೋಣೆಯ ನಂಬರ್ ಯಾರ ಮೈಗೆ ಅಳತೆ ತೆಗೆದು ಹೊಲಿದದ್ದು ಅಂತ ಕೇಳಬೇಕಲ್ವಾ?

ನಮ್ಮ ದೇಶದ ಮಾತೂ ಇದೆ. ಅಹಮದಾಬಾದ್‌ನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿ ಐದು ನಗರಗಳ ಆಫೀಸ್‌ಗಳಲ್ಲಿ ಕೂತವರನ್ನೇ ಕೇಳಿ ಒಂದು ಮಾದರಿ ಮಾಡಿದರು. ಹೊರಗಿನ ಹವೆಗೆ ಹೊಂದಿಕೊಂಡ ಭಾರತೀಯರು ವಿದೇಶಿ ಮಾನದಂಡ ಹೇಳುವುದಕ್ಕಿಂತ ಬೆಚ್ಚಗಿನ ಕೋಣೆಯಲ್ಲೂ ಆರಾಮಾಗಿರ್ತಾರೆ ಅನ್ನೋದು ಅದರ ಸಾರ. ಇದರಿಂದ ನಮ್ಮ ಇನ್ನೊಬ್ಬ ಗೆಳೆಯನ ಒಗಟೂ ಬಿಡಿಸಿತು. ಅವನ ಊರು ಪಾವಗಡ ತಾಲೂಕಿನ ಬಲಸಮುದ್ರ. ಅವನಿಗೂ ಹಾಲ್‌ನಲ್ಲಿ ಕೈ ಮರಗಟ್ಟುತ್ತಿತ್ತು. "ಲೇ, ಪಾವಗಡದ ಬಿಸಿಲಲ್ಲಿ ಬೆಳೆದೋನಿಗೆ ಚಳಿನಾ?" ಅಂತ ನಾವೇ ರೇಗಿಸಿದ್ವಿ. ಪಾವಗಡದ ಬಿಸಿಲಲ್ಲಿ ಬೆಳೆದದ್ದಕ್ಕೇ 18 ಅವನಿಗೆ ಹಿಂಸೆ. ನಮ್ಮ ತರ್ಕ ತಲೆಕೆಳಗಾಗಿತ್ತು.

ಕಾವು ಎಲ್ಲಿಗೆ ಹೋಗತ್ತೆ?

ಎಸಿ ತಂಪನ್ನು ಉತ್ಪಾದಿಸಲ್ಲ. ಥರ್ಮೋಡೈನಮಿಕ್ಸ್ ಓದ್ತಿರೋರಿಗೆ ಇದು ಗೊತ್ತು. ಅದು ಒಳಗಿನ ಕಾವನ್ನು ಎತ್ತಿ ಹೊರಗೆ ಸುರಿಯೋ ಪಂಪು. ಒಂದೂವರೆ ಟನ್ ಎಸಿ ಪೂರ್ತಿ ಓಡಿದರೆ ಒಳಗಿಂದ ಸುಮಾರು 5.3 ಕಿಲೋವ್ಯಾಟ್ ಶಾಖ ಎತ್ತತ್ತೆ. ಅದಕ್ಕೆ ಸುಮಾರು 1.5 ಕಿಲೋವ್ಯಾಟ್ ಕರೆಂಟ್ ಬೇಕು. ಎರಡೂ ಸೇರಿ 6.8 ಕಿಲೋವ್ಯಾಟ್ ಹೊರಗಿನ ಯೂನಿಟ್‌ನಿಂದ ಆಚೆ ಬರತ್ತೆ. ಆ ಕಂಪನಿಯಲ್ಲಿ ಹೊರಗಿನ ಯೂನಿಟ್ ಇದ್ದದ್ದು ಹಿಂದಿನ ಗೇಟಿನ ಪಕ್ಕ. ಅಲ್ಲೇ ಸೆಕ್ಯುರಿಟಿ ಅಂಕಲ್ ಕುರ್ಚಿ. ಎರಡು ಎಸಿಯ ಬಿಸಿ ಗಾಳಿ ಇಡೀ ದಿನ ಅವರ ಬೆನ್ನಿಗೆ. ಒಳಗೆ ನಾವು 18ಕ್ಕೋ 24ಕ್ಕೋ ಅಂತ ಗುಂಪು ಕಟ್ಟಿಕೊಂಡಿದ್ವಿ. ಆ ಗುಂಪಿನ ಲೆಕ್ಕದಲ್ಲಿ ಅಂಕಲ್ ಇರಲೇ ಇಲ್ಲ. ಎದ್ದು ಬಗ್ಗಿ ನೆಲ ಒರೆಸುವ ಅಕ್ಕನೂ ಇರಲಿಲ್ಲ. ಕೂತವರಿಗೆ ತಂಪು ಅನ್ನಿಸುವ ಕೋಣೆಯಲ್ಲಿ ಅವರು ಬೆವರುತ್ತಿದ್ದರು.

ಇನ್ನು ಕರೆಂಟ್ ಎಲ್ಲಿಂದ ಬರತ್ತೆ? ಗ್ರಿಡ್‌ನಲ್ಲಿ ಎಲ್ಲ ಬೆರೆತಿರತ್ತೆ, ಇಂಥಾ ಊರಿನ ಕರೆಂಟೇ ಇಂಥಾ ಎಸಿಗೆ ಬಂತು ಅಂತ ಹೇಳೋಕಾಗಲ್ಲ. ಆದರೆ ಕರ್ನಾಟಕದ ಹಗಲು ಹೊತ್ತಿನ ಕರೆಂಟಿನಲ್ಲಿ ಒಂದು ಪಾಲು ನಮ್ಮ ಗೆಳೆಯನ ಊರಿನದು. ಪಾವಗಡದ ಸೋಲಾರ್ ಪಾರ್ಕ್, ಸರ್ಕಾರ ಇಟ್ಟ ಹೆಸರು ಶಕ್ತಿ ಸ್ಥಳ, ತಿರುಮಣಿ, ಬಲಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಜಮೀನಿನ ಮೇಲಿದೆ. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಆಯ್ತು. ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ತಗೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ.

ಒಂದು ಶನಿವಾರ ನಾವು ಬಲಸಮುದ್ರಕ್ಕೆ ಹೋದ್ವಿ. ಮಧುಗಿರಿಯ ಏಕಶಿಲಾ ಬೆಟ್ಟ ದಾಟಿ, ಪಾವಗಡದಲ್ಲಿ ಬಸ್ ಬದಲಾಯಿಸಿ, ಊರು ಹತ್ತಿರ ಬಂದಂತೆ ರಸ್ತೆಯ ಎರಡೂ ಕಡೆ ನೀಲಿ ಕಪ್ಪು ಪ್ಲೇಟುಗಳು. ಕಣ್ಣು ಹಾಯೋವರೆಗೂ ಅದೇ. ಗೆಳೆಯ ಒಂದು ಕಡೆ ಕೈ ತೋರಿಸಿ, "ಅಲ್ಲೆಲ್ಲೋ ನಮ್ಮ ಕಡ್ಲೆಕಾಯಿ ಹೊಲ ಇತ್ತು" ಅಂದ. ಎಲ್ಲಿ ಅಂತ ಅವನಿಗೂ ಸರಿಯಾಗಿ ಗೊತ್ತಾಗಲಿಲ್ಲ, ಬದುಗಳೇ ಉಳಿದಿರಲಿಲ್ಲ.

ಮನೆಯಲ್ಲಿ ಅಜ್ಜಿ ಮಜ್ಜಿಗೆ ಕೊಟ್ಟು, ಆಫೀಸು ಹೇಗಿದೆ ಅಂತ ಕೇಳಿದರು. ಶಾಲಿನ ಕಥೆ ಹೇಳಿದ್ವಿ. ಅಜ್ಜಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಜೋರಾಗಿ ನಕ್ಕು, "ದುಡ್ಡು ಕೊಟ್ಟು ಚಳಿ ಮಾಡ್ಕಂಡು, ಆಮ್ಯಾಕೆ ಶಾಲು ಹೊದ್ಕಂತೀರಾ? ಓದಿರೋರೇನಪ್ಪಾ ನೀವು?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯ್ತು. ಎಲ್ಲರೂ ಎದ್ದು ಆಚೆ ಬೇವಿನ ಮರದ ಕೆಳಗೆ ಕೂತ್ವಿ.

ಗುತ್ತಿಗೆ ದುಡ್ಡನ್ನು ಅಜ್ಜಿ ಬೈಯಲಿಲ್ಲ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಬೀಜದ ದುಡ್ಡೂ ಬರದ ವರ್ಷಗಳನ್ನು ಅವರು ನೋಡಿದ್ದಾರೆ. ಈಗ ಬರ ಬಂದರೂ ಬಾರದಿದ್ದರೂ ವರ್ಷಕ್ಕೆ ಇಷ್ಟು ಅಂತ ಬರತ್ತೆ. ನಮ್ಮ ಗೆಳೆಯನ ಫೀಸಿಗೂ ಅದರಲ್ಲಿ ಒಂದು ಪಾಲಿದೆ. ಆದರೆ ಜಮೀನೇ ಇಲ್ಲದೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಆ ಕೂಲಿಯೂ ಇಲ್ಲ. ಅದನ್ನೂ ಅಜ್ಜಿಯೇ ಹೇಳಿದರು. "ಪ್ಲೇಟು ಬಂದ ಮ್ಯಾಕೆ ಝಳ ಜಾಸ್ತಿ" ಅಂತ ಪಕ್ಕದ ಮನೆಯವರು ಅಂದರು.

ಆ ಮಾತಿಗೆ ನಮ್ಮ ಬಾಯಲ್ಲಿ "ಹಾಗೇನಿಲ್ಲ ಬಿಡಿ, ಎಲ್ಲಾ ಕಡೆ ಬಿಸಿಲು ಜಾಸ್ತಿ ಆಗಿದೆ" ಅನ್ನೋ ಉತ್ತರ ರೆಡಿ ಇತ್ತು. ಹೇಳೋಕೆ ಮುಂಚೆ ನಿಂತ್ವಿ. ಹಾಲ್‌ನಲ್ಲಿ ನಮ್ಮ ಗೆಳತಿಗೆ ಕೊಟ್ಟ ಉತ್ತರ ಇದೇ ಜಾತಿಯದ್ದು. ಪ್ಯಾನೆಲ್ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಐದನೇ ಒಂದು ಭಾಗ ಕರೆಂಟ್ ಆಗತ್ತೆ, ಸ್ವಲ್ಪ ಪ್ರತಿಫಲನ ಆಗತ್ತೆ, ಉಳಿದದ್ದೆಲ್ಲ ಶಾಖವೇ. ಅದು ಊರೊಳಗೆ ಎಷ್ಟು ಗೊತ್ತಾಗತ್ತೆ ಅನ್ನೋದನ್ನು ವರ್ಷಗಟ್ಟಲೆ ಅಳೆದು ಹೇಳಬೇಕು. ಅಳೆಯದೇ ಹೌದು ಅನ್ನೋದೂ ತಪ್ಪು, ಅಳೆಯದೇ ಇಲ್ಲ ಅನ್ನೋದೂ ತಪ್ಪು. ಎಂಜಿನಿಯರ್ ಆಗೋರು ನಾವು, ಅಳತೆ ಶುರುವಾಗೋದೇ ಒಬ್ಬರು "ನನಗೆ ಹೀಗೆ ಆಗ್ತಿದೆ" ಅಂದಾಗ.

ಒಂದು ಒರಟು ಲೆಕ್ಕ

ಬಸ್ಸಲ್ಲಿ ವಾಪಸ್ ಬರುವಾಗ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಮಾಡಿದ ಲೆಕ್ಕ ಇದು. 2,050 ಮೆಗಾವ್ಯಾಟ್ ಅಂದರೆ 20.5 ಲಕ್ಷ ಕಿಲೋವ್ಯಾಟ್. ಒಂದು ಎಸಿಗೆ 1.5 ಕಿಲೋವ್ಯಾಟ್. ಅಂದರೆ ಒಳ್ಳೆ ಬಿಸಿಲಿನ ಹೊತ್ತಲ್ಲಿ ಇಡೀ ಪಾರ್ಕ್ ಸುಮಾರು 13.7 ಲಕ್ಷ ಎಸಿ ಓಡಿಸಬಹುದು. 13,000 ಎಕರೆಯನ್ನು ಅಷ್ಟು ಎಸಿಗೆ ಹಂಚಿ. ಒಂದು ಎಸಿಗೆ ಸುಮಾರು 414 ಚದರ ಅಡಿ, ಗುಂಟೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಇಪ್ಪತ್ತು ಅಡಿಗೆ ಇಪ್ಪತ್ತು ಅಡಿಯ ಒಂದು ರೂಮನ್ನು ತಂಪು ಮಾಡೋಕೆ ಹೆಚ್ಚುಕಮ್ಮಿ ಅಷ್ಟೇ ದೊಡ್ಡ ರೂಮಿನಷ್ಟು ಬಲಸಮುದ್ರದ ಹೊಲ ಬೇಕು. ಮೋಡ, ಸಂಜೆ, ರಾತ್ರಿ ಸೇರಿಸಿದರೆ ಇನ್ನೂ ಹೆಚ್ಚು. ಆ 414 ಚದರ ಅಡಿಗೆ ಶುರುವಿನ ದರದಲ್ಲಿ ರೈತನಿಗೆ ಸಿಗುವ ಗುತ್ತಿಗೆ ವರ್ಷಕ್ಕೆ 200 ರೂಪಾಯಿ. ನಮ್ಮ ಹಾಲ್‌ನ ಪ್ಯಾಂಟ್ರಿಯಲ್ಲಿ ಒಂದು ದಿನದ ಬಿಸ್ಕತ್ತಿಗೆ ಅದಕ್ಕಿಂತ ಜಾಸ್ತಿ ಖರ್ಚಾಗ್ತಿತ್ತು.

ಈಗ ರಿಮೋಟ್‌ಗೆ ಬನ್ನಿ. ಎಸಿಯನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ. 6 ಕರೆಂಟ್ ಉಳಿಯತ್ತೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳತ್ತೆ. 18ರಿಂದ 26ಕ್ಕೆ ಎಂಟು ಡಿಗ್ರಿ. ಎಂಟಾರಲೆ ನಲವತ್ತೆಂಟು ಅನ್ನಬೇಡಿ, ಪ್ರತಿ ಸಲ ಉಳಿದದ್ದರಲ್ಲಿ ಶೇ. 6 ಕಳೀಬೇಕು, ಒಟ್ಟು ಶೇ. 39ರ ಹತ್ತಿರ ಬರತ್ತೆ. ಹೀಟ್ ಟ್ರಾನ್ಸ್‌ಫರ್ ಓದಿದವರು ಹೀಗೂ ಪರೀಕ್ಷಿಸಬಹುದು: ಹೊರಗೆ 34 ಇದ್ದಾಗ ಒಳಗೆ 26 ಇಟ್ಟರೆ ವ್ಯತ್ಯಾಸ 8, 18 ಇಟ್ಟರೆ 16. ಗೋಡೆ ಗಾಜುಗಳ ಮೂಲಕ ನುಗ್ಗುವ ಶಾಖ ನೇರ ಎರಡರಷ್ಟು. 18 ಇಟ್ಟರೆ ಬೇಗ ತಣ್ಣಗಾಗತ್ತೆ ಅನ್ನೋದೂ ಬಹುಮಟ್ಟಿಗೆ ಭ್ರಮೆ. ಹಳೇ ಕಾಲದ ಒಂದೇ ವೇಗದ ಕಂಪ್ರೆಸರ್‌ಗೆ 18 ಕೊಟ್ಟರೂ 24 ಕೊಟ್ಟರೂ ತಣ್ಣಗೆ ಮಾಡುವ ವೇಗ ಒಂದೇ, ಎಲ್ಲಿ ನಿಲ್ಲಿಸಬೇಕು ಅನ್ನೋದು ಮಾತ್ರ ಬದಲಾಗತ್ತೆ.

ಸರ್ಕಾರಕ್ಕೂ ಇದು ಗೊತ್ತಿದೆ. 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರುವ ರೂಮ್ ಎಸಿಗಳು ಆನ್ ಮಾಡಿದಾಗ 24ರಲ್ಲಿ ಶುರುವಾಗಬೇಕು ಅನ್ನೋ ನಿಯಮ ಬಂತು. 2025ರ ಜೂನ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವ ಮನೋಹರ್ ಲಾಲ್ ಖಟ್ಟರ್ ಅವರು ಎಸಿಯನ್ನು 20ರಿಂದ 28ರ ಒಳಗೇ ಕಟ್ಟಿಹಾಕುವ ನಿಯಮ ತರ್ತೀವಿ ಅಂದರು. ಆಗ ನಮ್ಮ ಹಾಸ್ಟೆಲ್ ಗ್ರೂಪ್‌ನಲ್ಲಿ ಎಷ್ಟು ಮೀಮ್ ಬಂದವು ನೆನಪಿದೆಯಾ? "ಇನ್ನು ಚಳಿಗೂ ಲೈಸೆನ್ಸಾ" ಅಂತ ನಾವೂ ಫಾರ್ವರ್ಡ್ ಮಾಡಿದ್ವಿ. ನಮ್ಮ ಹಾಸ್ಟೆಲ್‌ನಲ್ಲಿ ಎಸಿಯೇ ಇಲ್ಲ ಅನ್ನೋದು ಬೇರೆ ಮಾತು.

ಹಾಗಾದರೆ ಏನು ಮಾಡೋಣ?

"ಚಳಿ ಆದೋರು ಸ್ವೆಟರ್ ಹಾಕ್ಕೊಳ್ಳಲಿ, ಸೆಖೆ ಆದೋರು ಬಟ್ಟೆ ಬಿಚ್ಚೋಕಾಗತ್ತಾ?" ಈ ವಾದ ನೀವೂ ಕೇಳಿರ್ತೀರ. ಅರ್ಧ ಸರಿ ಇದೆ. ಆದರೆ ಕೀಬೋರ್ಡ್ ಮೇಲಿನ ಬೆರಳಿಗೆ ಸ್ವೆಟರ್ ಇಲ್ಲ. ಸೆಖೆ ಆದವರಿಗೆ ಬಟ್ಟೆ ಬಿಚ್ಚೋದೊಂದೇ ದಾರಿ ಅನ್ನೋದೂ ನಿಜ ಅಲ್ಲ. ಅವರಿಗೆ ಬೇಕಿರೋದು ಬಹಳ ಸಲ ಗಾಳಿ. ಮೈಮೇಲೆ ಹದವಾಗಿ ಗಾಳಿ ಆಡಿದರೆ ಎರಡು ಮೂರು ಡಿಗ್ರಿ ಕಮ್ಮಿಯಾದಷ್ಟು ಹಾಯ್ ಅನ್ನಿಸತ್ತೆ. ಹೊಸ ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್‌ಗೆ 35 ವ್ಯಾಟ್ ಸಾಕು. ಒಂದು ಎಸಿಯ ಕರೆಂಟಲ್ಲಿ ನಲವತ್ತು ಫ್ಯಾನ್ ತಿರುಗತ್ತೆ. ಎಸಿ 26, ಜೊತೆಗೆ ಫ್ಯಾನ್. ಸೆಖೆ ಅನ್ನೋರು ಫ್ಯಾನ್ ಕೆಳಗೆ, ಚಳಿ ಅನ್ನೋರು ದೂರ. ಫಾಲ್ಸ್ ಸೀಲಿಂಗ್‌ನ ಅಂದಕ್ಕಾಗಿ ಫ್ಯಾನ್ ತೆಗೆಸಿದ್ದು ಆ ಹಾಲ್‌ನ ಮೊದಲ ತಪ್ಪು. ಗಾಜಿಗೆ ಪರದೆ ಹಾಕಿಸದೇ ಇದ್ದದ್ದು ಎರಡನೇದು. ಎರಡನ್ನೂ ಸರಿ ಮಾಡಿದ್ದರೆ ಡ್ರಾಯರ್ ರಾಜಕೀಯ ಅರ್ಧ ಮುಗೀತಿತ್ತು.

ಬಟ್ಟೆಯ ವಿಷಯ ಬಂದಾಗ ಜಪಾನ್ ನೆನಪಾಗತ್ತೆ. 2005ರಲ್ಲಿ ಅಲ್ಲಿನ ಸರ್ಕಾರ "ಕೂಲ್ ಬಿಜ್" ಅಂತ ಒಂದು ಆಂದೋಲನ ಶುರು ಮಾಡಿತು. ಬೇಸಿಗೆಯಲ್ಲಿ ಆಫೀಸ್ ಎಸಿ 28, ಕೋಟು ಟೈ ಬೇಡ. ಉಷ್ಣಾಂಶ ಏರಿಸುವುದರ ಜೊತೆಗೇ ಬಟ್ಟೆಯ ನಿಯಮವನ್ನೂ ಸಡಿಲ ಮಾಡಿದ್ದು ಅದರ ಜಾಣತನ. ನಮ್ಮಲ್ಲಿ ಪ್ಲೇಸ್‌ಮೆಂಟ್ ದಿನ ನೋಡಿ. ಏಪ್ರಿಲ್ ಬಿಸಿಲಲ್ಲಿ ಸೀನಿಯರ್‌ಗಳು ಬ್ಲೇಜರ್ ಟೈ ಹಾಕ್ಕೊಂಡು ಬೆವರ್ತಾ ಬರ್ತಾರೆ, ಆ ಬ್ಲೇಜರ್‌ಗೋಸ್ಕರ ಸೆಮಿನಾರ್ ಹಾಲ್ 18ಕ್ಕೆ ಇಳಿಯತ್ತೆ, ಚೂಡಿದಾರ್ ಹಾಕಿದವರು ನಡುಗ್ತಾ ಆಪ್ಟಿಟ್ಯೂಡ್ ಟೆಸ್ಟ್ ಬರೀತಾರೆ. ಕಂಪ್ಯೂಟರ್ ಲ್ಯಾಬ್‌ನಲ್ಲಿ "ಸಿಸ್ಟಂಗಳಿಗೆ ಬೇಕು" ಅಂತ 18 ಇಡ್ತಾರೆ. ಸರ್ವರ್‌ಗಳಿಗೇ 27ರವರೆಗೆ ಪರವಾಗಿಲ್ಲ ಅಂತ ಆಶ್ರೇ ಮಾರ್ಗಸೂಚಿ ಹೇಳತ್ತೆ. ನಮ್ಮ ಡೆಸ್ಕ್‌ಟಾಪ್‌ಗಳು ಸರ್ವರ್‌ಗಿಂತ ನಾಜೂಕಾ?

"ಒಂದು ಹಾಲ್‌ನ ರಿಮೋಟ್‌ನಿಂದ ಬಲಸಮುದ್ರಕ್ಕೆ ಏನಾಗತ್ತೆ?" ಅಂತ ಕೇಳಬಹುದು. ಒಂದರಿಂದ ಏನೂ ಆಗಲ್ಲ. ನಾವು ಎಸಿ 26ರಲ್ಲಿ ಇಟ್ಟ ಮಾತ್ರಕ್ಕೆ ಅಜ್ಜಿ ಮನೆಗೆ ಕರೆಂಟ್ ಬರಲ್ಲ, ಆ ಜಂಬ ನಮಗಿಲ್ಲ. ಇನ್ನೂ ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಹಗಲು ಓಡುವ ಆಫೀಸ್ ಎಸಿಗೂ ಸೋಲಾರ್‌ಗೂ ಒಳ್ಳೇ ಜೋಡಿ. ಬಿಸಿಲಿದ್ದಾಗ ಕರೆಂಟ್, ಬಿಸಿಲಿದ್ದಾಗಲೇ ಎಸಿ. ಎಸಿ ಬಿಡಿ ಅಂತ ನಾವು ಹೇಳ್ತಿಲ್ಲ. ಇನ್ನು ಮುಂದಿನ ಬೇಸಿಗೆಗಳಲ್ಲಿ ಎಸಿ ಬೇಕಾಗೋರು ಹೆಚ್ಚಾಗ್ತಾರೆ, ಬಲಸಮುದ್ರದಲ್ಲೂ. ನಾವು ಹೇಳ್ತಿರೋದು, ಚಳಿಯಾಗಿ ಶಾಲು ಹೊದೆಯುವಷ್ಟು ತಂಪನ್ನು ಬೇರೆಯವರ ಹೊಲ ಹಾಸಿ ಮಾಡಿಕೊಳ್ಳೋದಕ್ಕೆ ಯಾವ ಸಮರ್ಥನೆಯೂ ಇಲ್ಲ ಅಂತ. ಅಜ್ಜಿ ಕೇಳಿದ್ದೂ ಅದನ್ನೇ.

ಕೊನೆಯದಾಗಿ ರಿಮೋಟ್. ಅದು ಯಾರ ಕೈಲಿ ಇರಬೇಕು? ನಮ್ಮ ಉತ್ತರ: ಗೋಡೆಯ ಮೇಲೆ, ಎಲ್ಲರಿಗೂ ಕಾಣೋ ಹಾಗೆ, ಪಕ್ಕದಲ್ಲಿ ಒಂದು ನಿಯಮ ಬರೆದು. 26ರಲ್ಲಿ ಶುರು. ಬದಲಾಯಿಸಬೇಕಂದ್ರೆ ಕೇಳಿ ಬದಲಾಯಿಸಿ. ಚಳಿ ಅಂದವರು ಕಾರಣ ಕೊಡಬೇಕಾಗಿಲ್ಲ, ಸೆಖೆ ಅಂದವರೂ ಕೊಡಬೇಕಾಗಿಲ್ಲ. ಮೊದಲು ಸೀಟು ಬದಲಾಯಿಸಿ, ಪರದೆ ಎಳೀರಿ, ಫ್ಯಾನ್ ಹಾಕಿ, ಕೊನೆಗೆ ನಂಬರ್ ಮುಟ್ಟಿ. ಆಶ್ರೇ ಮಾನದಂಡವೇ ಹಾಯ್ ಅನ್ನಿಸುವುದನ್ನು ಮನಸ್ಸಿನ ಒಂದು ಸ್ಥಿತಿ ಅಂತ ವ್ಯಾಖ್ಯಾನಿಸತ್ತೆ. ಅಂದರೆ ಅದನ್ನು ಹೇಳಬಲ್ಲವರು ಕೂತವರು ಮಾತ್ರ. ಟೀಮ್ ಲೀಡ್‌ಗೆ ಬೇರೆಯವರ ಚಳಿ ಗೊತ್ತಾಗುವ ಸೆನ್ಸರ್ ಇಲ್ಲ, ನಮಗೂ ಇಲ್ಲ.

ಮುಂದಿನ ಸೋಮವಾರದಿಂದ ಒಂದು ವಾರ ಸೆಮಿನಾರ್ ಹಾಲ್‌ನಲ್ಲಿ ಎಲೆಕ್ಟ್ರಾನಿಕ್ಸ್ ಗೆಳೆಯರ ಜೊತೆ ಸೇರಿ ಆರು ಕಡೆ ಸೆನ್ಸರ್ ಇಡ್ತಿದ್ದೀವಿ. ಬಾಗಿಲಲ್ಲಿ ಒಂದು ಹಾಳೆ ಇರತ್ತೆ. ಕೂತ ಜಾಗ ಬರೆದು, ಸೆಖೆ, ಝಳ, ಧಗೆ, ಚಳಿ, ಹಾಯ್, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಿ ಹೋಗಿ. ಹಾಲ್ ಗುಡಿಸುವ ಅಕ್ಕಂದಿರಿಗೂ ಹಾಳೆ ಕೊಡ್ತೀವಿ. ಬಂದದ್ದನ್ನು ಮುಂದಿನ ಸಂಚಿಕೆಯಲ್ಲಿ ಹಾಕಿ, ಪ್ರಿನ್ಸಿಪಾಲರ ಮುಂದೆ ಇಡ್ತೀವಿ.

ಇದನ್ನು ಬರೆಯೋ ಮುಂಚೆ ಗೆಳತಿಯ ಒಪ್ಪಿಗೆ ಕೇಳಿದ್ವಿ. ಅವತ್ತು ನಕ್ಕಿದ್ದಕ್ಕೆ ಸಾರಿ ಅಂತಲೂ ಹೇಳಿದ್ವಿ, ತಡವಾಗಿ. ಅವಳು ಪೂರ್ತಿ ಓದಿ, "ಹಾಕಿ, ಆದ್ರೆ ಶಾಲಿನ ಬಣ್ಣ ಬರೀಬೇಡಿ, ಎಲ್ರಿಗೂ ಗೊತ್ತಾಗ್ಬಿಡತ್ತೆ" ಅಂದಳು. ಬರೆದಿಲ್ಲ.